ಎರಡನೆಯ ಗೆರೆ ಯಾವಾಗ ಮೂಡುತ್ತದೆ?

ಮೆಡಿಕಲ್ ಶಾಪಿನಲ್ಲಿ ನೂರು ರೂಪಾಯಿಯೊಳಗೆ ಸಿಗುವ, ಅಂಗಡಿಯವರು ಕೇಳದಿದ್ದರೂ ಹಳೆಯ ಪೇಪರಿನಲ್ಲಿ ಸುತ್ತಿಕೊಡುವ ಪ್ರೆಗ್ನೆನ್ಸಿ ಕಿಟ್‌ನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ‘ಶೇ 99ರಷ್ಟು ನಿಖರ’ ಎಂದು ಅಚ್ಚಾಗಿರುತ್ತದೆ. ಮಾತು ಸುಳ್ಳಲ್ಲ. ಆದರೆ ಯಾವ ದಿನಕ್ಕೆ ಈ ಲೆಕ್ಕ ಎಂಬುದನ್ನು ಪೆಟ್ಟಿಗೆ ದಪ್ಪ ಅಕ್ಷರದಲ್ಲಿ ಹೇಳುವುದಿಲ್ಲ. ಒಬ್ಬಳೇ ಹೆಂಗಸು ಒಂದೇ ಕಂಪನಿಯ ಕಿಟ್ಟನ್ನು ಸೋಮವಾರ ಬಳಸಿದಾಗ ಒಂದು ಗೆರೆ, ಶುಕ್ರವಾರ ಬಳಸಿದಾಗ ಎರಡು ಗೆರೆ ಬರಬಹುದು. ಸೋಮವಾರವೂ ಅವಳು ಬಸುರಿಯೇ. ಹಾಗಾದರೆ ಸೋಮವಾರದ ಕಿಟ್ ಕೆಟ್ಟದ್ದೇ? ಅದೂ ಇಲ್ಲ.

ಈ ಗೊಂದಲ ಬಿಡಿಸಲು ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಕಿಟ್‌ಗೆ ಬಸಿರು ಕಾಣುವುದೇ ಇಲ್ಲ, ಕಾಣುವುದು ಎಚ್‌ಸಿಜಿ ಎಂಬ ಹಾರ್ಮೋನು ಮಾತ್ರ. ಅಂಡಾಶಯದಿಂದ ಹೊರಬಿದ್ದ ಅಂಡಾಣು ಒಂದು ದಿನದೊಳಗೆ ಗರ್ಭನಾಳದಲ್ಲಿ ವೀರ್ಯಾಣುವನ್ನು ಕೂಡಬೇಕು. ಕೂಡಿದ ಮೇಲೆ ಅದು ಒಡೆಯುತ್ತಾ, ಬೆಳೆಯುತ್ತಾ, ಐದಾರು ದಿನ ನಿಧಾನವಾಗಿ ಗರ್ಭಕೋಶದ ಕಡೆಗೆ ಸಾಗುತ್ತದೆ. ಅಷ್ಟೂ ದಿನ ಮೂತ್ರದಲ್ಲಿ ಅದರ ಸುಳಿವಿರುವುದಿಲ್ಲ. ಆಮೇಲೆ ಅದು ಗರ್ಭಕೋಶದ ಒಳಪದರಕ್ಕೆ ಅಂಟಿ, ಅದರೊಳಗೆ ಹುದುಗಿಕೊಳ್ಳುತ್ತದೆ. ಮುಂದೆ ಮಾಸು ಆಗಲಿರುವ ಜೀವಕೋಶಗಳು ತಾಯಿಯ ರಕ್ತಕ್ಕೆ ಎಚ್‌ಸಿಜಿಯನ್ನು ಬಿಡಲು ಶುರುಮಾಡುವುದು ಆಗಲೇ. ಅದು ಅಂಡಾಶಯಕ್ಕೆ ಹೋಗುವ ಒಂದು ಕಾಗದವಿದ್ದಂತೆ: ‘ಒಳಪದರವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನನ್ನು ನಿಲ್ಲಿಸಬೇಡ, ಈ ತಿಂಗಳು ಮುಟ್ಟು ಬೇಡ’. ರಕ್ತದಿಂದ ಮೂತ್ರಕ್ಕೆ ಸೋರಿಬಂದ ಆ ಕಾಗದವನ್ನು ಕದ್ದು ಓದುವುದಷ್ಟೇ ಕಿಟ್‌ನ ಕೆಲಸ. ಬರೆಯದ ಕಾಗದವನ್ನು ಓದುವುದು ಯಾವ ಕಿಟ್‌ಗೂ ಸಾಧ್ಯವಿಲ್ಲ.

ಭ್ರೂಣ ಅಂಟುವುದು ಯಾವ ದಿನ? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸಂಶೋಧಕ ಆಲನ್ ವಿಲ್‌ಕಾಕ್ಸ್ ಮತ್ತು ಸಂಗಡಿಗರು ಮಗು ಬೇಕೆಂದು ಪ್ರಯತ್ನಿಸುತ್ತಿದ್ದ 221 ಮಹಿಳೆಯರಿಂದ ದಿನವೂ ಬೆಳಗಿನ ಮೂತ್ರವನ್ನು ಸಂಗ್ರಹಿಸಿ ಈ ಪ್ರಶ್ನೆಯ ಬೆನ್ನು ಹತ್ತಿದರು. 1999ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಆರು ವಾರವಾದರೂ ಉಳಿದ ಬಸಿರುಗಳಲ್ಲಿ ಹಾರ್ಮೋನಿನ ಮೊದಲ ಸುಳಿವು ಸಿಕ್ಕಿದ್ದು ಅಂಡಾಣು ಬಿಡುಗಡೆಯಾದ ಮೇಲಿನ 6ನೇ ದಿನದಿಂದ 12ನೇ ದಿನದೊಳಗೆ. ನೂರಕ್ಕೆ 84ರಲ್ಲಿ ಅದು 8, 9 ಅಥವಾ 10ನೇ ದಿನ. ಅಂದರೆ ಆರೋಗ್ಯವಾಗಿರುವ ಇಬ್ಬರು ಬಸುರಿಯರ ನಡುವೆ ಬರೀ ಅಂಟುವ ಹೊತ್ತಿನಲ್ಲೇ ಆರು ದಿನಗಳವರೆಗೆ ಅಂತರವಿರಬಹುದು. ಇದರ ಪರಿಣಾಮ ಕ್ಯಾಲೆಂಡರಿನ ಮೇಲಿಟ್ಟು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಮೇ 1ಕ್ಕೆ ಮುಟ್ಟಾದ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರದೂ 28 ದಿನದ ಚಕ್ರ, ಮುಂದಿನ ಮುಟ್ಟು ಮೇ 29ಕ್ಕೆ. ಇಬ್ಬರಿಗೂ ಮೇ 15ಕ್ಕೆ ಅಂಡಾಣು ಬಿಡುಗಡೆಯಾಗಿದೆ, ಇಬ್ಬರೂ ಬಸುರಾಗಿದ್ದಾರೆ. ಮೊದಲನೆಯವಳಿಗೆ ಭ್ರೂಣ ಅಂಟಿದ್ದು ಮೇ 24ಕ್ಕೆ, ಎರಡನೆಯವಳಿಗೆ 27ಕ್ಕೆ. ಅಂಟಿದ ಮೊದಲ ಒಂದೆರಡು ದಿನ ಹಾರ್ಮೋನು ಬಹಳ ಬೇಗ ಏರುತ್ತದೆ, ಬಳಿಕ ಸುಮಾರು ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಲೆಕ್ಕದ ಅನುಕೂಲಕ್ಕೆಂದು ಮೊದಲನೆಯವಳ ಮೂತ್ರದಲ್ಲಿ 26ರಂದು ಒಂದು ಮಿಲಿಲೀಟರಿಗೆ 6 ಮಿಲಿ ಯೂನಿಟ್ ಇದೆ ಎನ್ನೋಣ. 28ಕ್ಕೆ ಅದು 12, 30ಕ್ಕೆ 24, ಜೂನ್ 1ಕ್ಕೆ 48. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕಿಟ್‌ಗಳು 25 ಮಿಲಿ ಯೂನಿಟ್ ಇದ್ದರೆ ಹಿಡಿಯುತ್ತೇವೆ ಎನ್ನುತ್ತವೆ. ಹಾಗಾಗಿ ಮುಟ್ಟು ಬರಬೇಕಾದ 29ರಂದು ಇವಳಿಗೆ ಗೆರೆ ಮೂಡಿದರೆ ಮೂಡಿತು, ಇಲ್ಲದಿದ್ದರೆ ಇಲ್ಲ. ಒಂದೆರಡು ದಿನ ಕಳೆದರೆ ಖಂಡಿತ ಮೂಡುತ್ತದೆ. ಎರಡನೆಯವಳದು ಇದೇ ಲೆಕ್ಕ, ಮೂರು ದಿನ ತಡವಾಗಿ. 29ಕ್ಕೆ ಅವಳಲ್ಲಿರುವುದು 6. ಜೂನ್ 2ಕ್ಕೆ 24. ಮುಟ್ಟು ತಪ್ಪಿ ನಾಲ್ಕು ದಿನವಾದರೂ ಅವಳ ಕಿಟ್ ‘ಇಲ್ಲ’ ಎನ್ನಬಹುದು. ಜೂನ್ 5ಕ್ಕೆ ಇಬ್ಬರ ಕೈಯಲ್ಲೂ ಎರಡು ಗೆರೆ.

ಇದೇ ತಂಡ 2001ರಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟಿತು, ನನ್ನ ಮಟ್ಟಿಗೆ ಈ ವಿಷಯದಲ್ಲಿ ನೆನಪಿಡಬೇಕಾದ್ದು ಅದೊಂದೇ. ಮುಟ್ಟು ತಪ್ಪಿದ ಮೊದಲ ದಿನದ ಹೊತ್ತಿಗೆ ನೂರರಲ್ಲಿ ಸುಮಾರು ಹತ್ತು ಬಸಿರುಗಳು ಗರ್ಭಕೋಶಕ್ಕೆ ಇನ್ನೂ ಅಂಟಿಯೇ ಇರುವುದಿಲ್ಲ. ಆದ್ದರಿಂದ ನಾಳೆ ಯಾರಾದರೂ ಒಂದೇ ಒಂದು ಅಣುವನ್ನೂ ಬಿಡದೆ ಹಿಡಿಯುವ ಕಿಟ್ ತಯಾರಿಸಿದರೂ ಆ ದಿನ ಅದು ಹಿಡಿಯಬಲ್ಲದ್ದು ನೂರಕ್ಕೆ 90. ಇನ್ನೊಂದು ವಾರ ಕಳೆದರೆ ಈ ಮಿತಿ 97ಕ್ಕೆ ಏರುತ್ತದೆ. ಹಾಗಾದರೆ 99 ಎಲ್ಲಿಂದ ಬಂತು? ಅದು ಬಹುಮಟ್ಟಿಗೆ ಪ್ರಯೋಗಾಲಯದ ಮಾತು. ಸಾಕಷ್ಟು ಹಾರ್ಮೋನು ಇರುವ ಮಾದರಿ, ಇಲ್ಲವೇ ಇಲ್ಲದ ಮಾದರಿ ಎರಡನ್ನೂ ಕೊಟ್ಟಾಗ ಪಟ್ಟಿ ಎಷ್ಟು ಸಲ ಸರಿಯಾಗಿ ಗುರುತಿಸಿತು ಎಂಬುದರ ಅಳತೆ. ತಕ್ಕಡಿ ಸರಿಯಾಗಿದೆ ಎಂದು ಮುದ್ರೆ ಹಾಕಿದ ಹಾಗೆ. ತಟ್ಟೆಯಲ್ಲಿ ಸಾಮಾನು ಇದೆಯೋ ಇಲ್ಲವೋ ಎಂಬುದು ತಕ್ಕಡಿಯ ಜವಾಬ್ದಾರಿಯಲ್ಲ.

ಕೆಲವು ಕಿಟ್‌ಗಳು, ಹೆಚ್ಚಾಗಿ ಹೊರದೇಶಗಳಲ್ಲಿ ಮಾರುವಂಥವು, ‘ಮುಟ್ಟು ತಪ್ಪುವ ಆರು ದಿನ ಮೊದಲೇ ತಿಳಿಯಿರಿ’ ಎನ್ನುತ್ತವೆ. ಇಲ್ಲಿ ಒಂದು ಸಣ್ಣ ಜಾಣತನವಿದೆ. ಮುಟ್ಟು ಬರಬೇಕಾಗಿದ್ದ ದಿನ ಬೇರೆ, ಮುಟ್ಟು ತಪ್ಪಿದ ದಿನ ಬೇರೆ. ಎರಡನೆಯದು ಮೊದಲನೆಯದರ ಮಾರನೇ ದಿನ. ಹಾಗಾಗಿ ಆ ಆರು ದಿನ ವಾಸ್ತವದಲ್ಲಿ ಐದು ದಿನ. ಒಳಗಿನ ಚೀಟಿಯನ್ನು ಬಿಡಿಸಿ ಓದಿದರೆ ದಿನವಾರು ಲೆಕ್ಕವೂ ಸಿಗುತ್ತದೆ, ಹಿಂದೆ ಹಿಂದೆ ಹೋದಂತೆ ಹಿಡಿಯುವ ಪ್ರಮಾಣ ಇಳಿಯುತ್ತಾ ಬರುತ್ತದೆ. ಪೆಟ್ಟಿಗೆಯ ಮುಖಕ್ಕೂ ಹೊಟ್ಟೆಗೂ ಇರುವ ಈ ವ್ಯತ್ಯಾಸ ಬರೀ ಈ ಸರಕಿಗೆ ಸೀಮಿತವಾದದ್ದೇನಲ್ಲ, ಬಿಡಿ.

ಮೇಲಿನ ಕ್ಯಾಲೆಂಡರಿನಲ್ಲಿ ಒಂದು ಸುಳ್ಳನ್ನು ಬೇಕೆಂದೇ ಉಳಿಸಿದ್ದೇನೆ: ಅಂಡಾಣು ಸರಿಯಾಗಿ ಮೇ 15ಕ್ಕೇ ಬಿಡುಗಡೆಯಾಯಿತು ಎಂಬುದು. ಹದಿನಾಲ್ಕನೇ ದಿನದ ಆಸುಪಾಸು ಎನ್ನುವುದು ಸರಾಸರಿ ಮಾತು. ಅಂಡಾಣು ಬಿಟ್ಟ ಮೇಲೆ ಮುಟ್ಟಾಗುವವರೆಗಿನ ಅವಧಿ ಹೆಚ್ಚು ಏರುಪೇರಾಗುವುದಿಲ್ಲ, ಅದಕ್ಕೆ ಮುಂಚಿನ ಅವಧಿ ಮಾತ್ರ ಎಷ್ಟು ಬೇಕಾದರೂ ಹಿಗ್ಗುತ್ತದೆ. ಜ್ವರ, ನಿದ್ದೆಗೇಡು, ಪ್ರಯಾಣ, ಪಿಸಿಒಡಿ ಎಂಬ ಅಂಡಾಶಯದ ತೊಂದರೆ, ಎದೆಹಾಲು ಕುಡಿಸುವ ದಿನಗಳು, ಇವೆಲ್ಲ ಅಂಡಾಣುವನ್ನು ತಡಮಾಡಬಲ್ಲವು. ಮೇ 15ರ ಬದಲು 21ಕ್ಕೆ ಬಿಡುಗಡೆಯಾದರೆ ಅವಳ ಮುಟ್ಟಿನ ನಿಜವಾದ ದಿನ ಜೂನ್ 4. ಗೋಡೆಯ ಕ್ಯಾಲೆಂಡರಿನ ಪ್ರಕಾರ ಆರು ದಿನ ತಪ್ಪಿದೆ, ದೇಹದ ಪ್ರಕಾರ ಏನೂ ತಪ್ಪಿಲ್ಲ. ‘ಮುಟ್ಟು ನಿಂತು ವಾರವಾಯಿತು, ಆದರೂ ಒಂದೇ ಗೆರೆ’ ಎಂಬ ಎಷ್ಟೋ ಕಥೆಗಳ ಹಿಂದೆ ಇರುವುದು ಹೀಗೆ ತಡವಾಗಿ ಬಿಡುಗಡೆಯಾದ ಅಂಡಾಣು.

ಚಕ್ರವೇ ನೆಟ್ಟಗಿಲ್ಲದವರು ಏನು ಮಾಡಬೇಕು? ಮುಟ್ಟಿನ ಲೆಕ್ಕ ಬಿಟ್ಟು ಕೂಡಿದ ದಿನದ ಲೆಕ್ಕ ಹಿಡಿಯುವುದು ಮೇಲು. ಸುರಕ್ಷತೆಯಿಲ್ಲದೆ ಕೊನೆಯ ಸಲ ಕೂಡಿ 21 ದಿನವಾದ ಮೇಲೆ ಪರೀಕ್ಷಿಸಿ ಎಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೇಳುತ್ತದೆ. ಇಪ್ಪತ್ತೊಂದು ಎಲ್ಲಿಂದ ಬಂತೆಂದರೆ, ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೆ ಬದುಕಬಲ್ಲದು, ಆಮೇಲೆ ಭ್ರೂಣ ಅಂಟಲು ಹೆಚ್ಚೆಂದರೆ ಹನ್ನೆರಡು ದಿನ, ಹಾರ್ಮೋನು ಏರಲು ಇನ್ನು ಮೂರ್ನಾಲ್ಕು ದಿನ. ಕೂಡಿಸಿ ನೋಡಿ. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದವರಿಗೂ ಈ ಲೆಕ್ಕವೇ ಸರಿ. ಆ ಮಾತ್ರೆ ಕಿಟ್‌ನ ಗೆರೆಯನ್ನು ಕೆಡಿಸುವುದಿಲ್ಲ, ಆದರೆ ಮುಟ್ಟನ್ನು ಹಿಂದೆ ಮುಂದೆ ಮಾಡಿ ಗಾಬರಿ ಹುಟ್ಟಿಸುತ್ತದೆ.

ಇನ್ನು ಪಟ್ಟಿಯ ಒಳಗೆ ನಡೆಯುವುದೇನು? ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಬಿಳಿ ಪ್ಲಾಸ್ಟಿಕ್ ಚೌಕಟ್ಟು, ಒಂದು ತುದಿಯಲ್ಲಿ ಸಣ್ಣ ಕುಳಿ, ಜೊತೆಗೆ ಒಂದು ಡ್ರಾಪರ್. ಕುಳಿಗೆ ಎರಡು ಮೂರು ಹನಿ ಮೂತ್ರ ಬಿಟ್ಟರೆ ಅದು ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಒಳಗಿನ ಪಟ್ಟಿಯುದ್ದಕ್ಕೂ ಹರಿಯುತ್ತದೆ. ದಾರಿಯಲ್ಲಿ ಒಣಗಿಸಿಟ್ಟ ಪ್ರತಿಕಾಯಗಳು, ಅಂದರೆ ಗೊತ್ತಾದ ಒಂದು ಅಣುವನ್ನು ಹುಡುಕಿ ಹಿಡಿಯುವ ಪ್ರೋಟೀನುಗಳು, ಕಾದಿರುತ್ತವೆ, ಪ್ರತಿಯೊಂದಕ್ಕೂ ಚಿನ್ನದ ಅತಿಸೂಕ್ಷ್ಮ ಕಣ ಅಂಟಿಸಿರುತ್ತಾರೆ. ಹೌದು, ಚಿನ್ನವೇ. ಅಷ್ಟು ಚಿಕ್ಕದಾದಾಗ ಚಿನ್ನದ ಬಣ್ಣ ಹಳದಿಯಲ್ಲ, ಕುಂಕುಮದ ನೀರಿನ ಕೆಂಪು. ಹರಿದುಬಂದ ಹಾರ್ಮೋನನ್ನು ಈ ಪ್ರತಿಕಾಯಗಳು ಒಂದು ಕಡೆಯಿಂದ ಹಿಡಿದುಕೊಳ್ಳುತ್ತವೆ. ಮುಂದೆ ‘ಟಿ’ ಗೆರೆಯ ಜಾಗದಲ್ಲಿ ಅಲುಗದಂತೆ ಕೂರಿಸಿದ ಬೇರೆ ಪ್ರತಿಕಾಯಗಳು ಅದೇ ಹಾರ್ಮೋನನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತವೆ. ಹಾರ್ಮೋನು ನಡುವೆ ಸಿಕ್ಕಿಕೊಂಡು, ಚಿನ್ನ ಅಲ್ಲೇ ಗುಂಪುಗೂಡಿ ಗೆರೆ ಮೂಡುತ್ತದೆ. ಹಾರ್ಮೋನು ಇಲ್ಲದಿದ್ದರೆ ಚಿನ್ನ ನಿಲ್ಲದೆ ಮುಂದೆ ಹೋಗುತ್ತದೆ. ‘ಸಿ’ ಗೆರೆಗೂ ಬಸಿರಿಗೂ ಸಂಬಂಧವಿಲ್ಲ. ಅದು ಹಾರ್ಮೋನನ್ನು ನೋಡದೆ ಪ್ರತಿಕಾಯವನ್ನೇ ಹಿಡಿಯುತ್ತದೆ. ಮೂತ್ರ ಕೊನೆಯವರೆಗೂ ಹರಿದಿದೆ, ಪಟ್ಟಿ ಜೀವಂತವಾಗಿದೆ ಎಂದಷ್ಟೇ ಅದರ ಅರ್ಥ. ‘ಸಿ’ ಮೂಡದಿದ್ದರೆ ‘ಟಿ’ ಏನು ಹೇಳಿದರೂ ಲೆಕ್ಕಕ್ಕಿಲ್ಲ.

ಇಷ್ಟು ತಿಳಿದರೆ ಮಸುಕು ಗೆರೆಯ ಚರ್ಚೆ ಮುಗಿಯುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ, ಅಕ್ಕನಿಗೆ ಕಳಿಸಿ ‘ಇದು ಗೆರೆಯೇ ಅಲ್ಲವೇ’ ಎಂದು ಕೇಳುವ ಆ ಗೆರೆ ಅಡ್ಡಗೋಡೆಯ ಮೇಲಿನ ದೀಪವೇನಲ್ಲ. ಹೇಳಿದ ಸಮಯದೊಳಗೆ, ಸಾಮಾನ್ಯವಾಗಿ ಐದು ನಿಮಿಷದಲ್ಲಿ, ಗುಲಾಬಿ ಬಣ್ಣ ಹೊತ್ತು ಮೂಡಿದ್ದರೆ ಎಷ್ಟೇ ತೆಳುವಾಗಿದ್ದರೂ ಅದರ ಅರ್ಥ ‘ಹಾರ್ಮೋನು ಇದೆ, ಇನ್ನೂ ಕಡಿಮೆ ಇದೆ’ ಎಂದು. ಎರಡು ದಿನ ಬಿಟ್ಟು ನೋಡಿದರೆ ಸಾಮಾನ್ಯವಾಗಿ ಗಾಢವಾಗಿರುತ್ತದೆ. ಮೋಸ ಮಾಡುವ ಗೆರೆ ಬೇರೆಯೇ ಇದೆ: ಕಸದ ಬುಟ್ಟಿಗೆ ಹಾಕಿದ ಕಿಟ್ಟನ್ನು ಅರ್ಧ ಗಂಟೆಯ ನಂತರ ಮತ್ತೆ ಎತ್ತಿ ನೋಡಿದಾಗ ಕಾಣುವ ಬೂದು ಬಣ್ಣದ ಗೀರು. ಮೂತ್ರ ಆರಿದ ಗುರುತು ಅದು. ಅದನ್ನು ನಂಬಬಾರದು.

ಕಿಟ್‌ಗೆ ಬಿಸಿಲೂ ಆಗುವುದಿಲ್ಲ. ಪ್ರತಿಕಾಯಗಳು ಪ್ರೋಟೀನುಗಳು, ಕಾವಿಗೆ ಕೆಡುತ್ತವೆ. 30 ಡಿಗ್ರಿಯೊಳಗೆ ಇಡಿ ಎಂದು ಸಾಮಾನ್ಯವಾಗಿ ಲಕೋಟೆಯ ಮೇಲೆ ಇರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ಮೇ ತಿಂಗಳು 40 ದಾಟುವಾಗ ತಗಡಿನ ಮನೆಯ ಗೂಡಿನಲ್ಲಿ ಇಟ್ಟ ಕಿಟ್ ಏನಾಗುತ್ತದೆಂದು ಹೇಳಬೇಕಿಲ್ಲ. ಬೇಕಾದಾಗ ತಂದು, ಅವಧಿ ನೋಡಿ, ಬಳಸುವ ಗಳಿಗೆಯಲ್ಲೇ ಲಕೋಟೆ ಹರಿಯುವುದು ವಾಸಿ. ಬೆಳಗಿನ ಮೊದಲ ಮೂತ್ರವೇ ಆಗಬೇಕು ಎಂಬ ಮಾತಿಗೂ ಕಾರಣವಿದೆ. ರಾತ್ರಿಯೆಲ್ಲ ಮೂತ್ರಕೋಶದಲ್ಲಿ ನಿಂತು ಅದು ಗಟ್ಟಿಯಾಗಿರುತ್ತದೆ. ಆರಂಭದ ದಿನಗಳಲ್ಲಿ, ಹಾರ್ಮೋನು 20 ಮತ್ತು 30 ಮಿಲಿ ಯೂನಿಟ್‌ಗಳ ನಡುವೆ ತೂಗಾಡುವಾಗ, ಎರಡು ಚೊಂಬು ನೀರು ಕುಡಿದರೆ ಗೆರೆ ಕರಗಿಹೋಗಬಹುದು. ಮುಟ್ಟು ತಪ್ಪಿ ವಾರವೆರಡು ಕಳೆದ ಮೇಲೆ ಯಾವ ಹೊತ್ತಾದರೂ ನಡೆಯುತ್ತದೆ.

ಅಂದಹಾಗೆ, ‘ಇಷ್ಟು ಬೇಗ’ ಎನ್ನುವುದೇ ಹೊಸದು. 1930ರ ದಶಕದಿಂದ ಸುಮಾರು ಮೂರು ದಶಕ ಈ ಕೆಲಸ ಮಾಡಿದ್ದು ದಕ್ಷಿಣ ಆಫ್ರಿಕಾದ ಒಂದು ಜಾತಿಯ ಕಪ್ಪೆ. ಹೆಂಗಸಿನ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚುತ್ತಿದ್ದರು, ಒಂದು ದಿನದೊಳಗೆ ಅದು ಮೊಟ್ಟೆಯಿಟ್ಟರೆ ಬಸಿರು. ಈ ಪದ್ಧತಿಗೆ ಕಾರಣನಾದವನು ಬ್ರಿಟಿಷ್ ಪ್ರಾಣಿವಿಜ್ಞಾನಿ ಲ್ಯಾನ್ಸೆಲಾಟ್ ಹಾಗ್‌ಬೆನ್. ಅದಕ್ಕೂ ಮುಂಚೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಜೋಂಡೆಕ್ ಎಂಬ ವಿಜ್ಞಾನಿಗಳು ಇಂಥದ್ದೇ ಪರೀಕ್ಷೆಯನ್ನು ಇಲಿಮರಿಗಳಲ್ಲಿ ಮಾಡಿದ್ದರು. 1960ರ ದಶಕದಲ್ಲಿ ಪ್ರಾಣಿಗಳ ಬದಲು ಪ್ರತಿಕಾಯ ಬಂತು, ಮಾರ್ಗರೆಟ್ ಕ್ರೇನ್ ಎಂಬ ವಿನ್ಯಾಸಗಾರ್ತಿ 1967ರಲ್ಲಿ ಅದನ್ನು ಮನೆಗೆ ತರುವ ಪೆಟ್ಟಿಗೆ ರೂಪಿಸಿದಳು. ಆದರೆ ಅಮೆರಿಕದ ಅಂಗಡಿಗಳಿಗೆ 1977ರ ಹೊತ್ತಿಗೆ ಬಂದ ಮನೆಕಿಟ್ಟನ್ನೂ ಮುಟ್ಟು ಬರಬೇಕಾದ ದಿನ ಕಳೆದು ಒಂಬತ್ತು ದಿನಕ್ಕೆ ಬಳಸಬೇಕಿತ್ತು, ಎರಡು ಗಂಟೆ ಅಲುಗಿಸದೆ ಕಾಯಬೇಕಿತ್ತು. ತೊಡಕು ಇದ್ದದ್ದು ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನಿನಲ್ಲಿ. ಎಲ್ಲ ಹೆಂಗಸರ ದೇಹದಲ್ಲೂ ಇರುವ ಎಲ್‌ಎಚ್ ಮತ್ತು ಎಚ್‌ಸಿಜಿ ಅಕ್ಕತಂಗಿಯರಿದ್ದಂತೆ, ಎರಡರ ‘ಆಲ್ಫಾ’ ತುಂಡು ಒಂದೇ. ಸೂಕ್ಷ್ಮತೆ ಹೆಚ್ಚಿಸಿದರೆ ಹಳೆಯ ಪರೀಕ್ಷೆ ಅಕ್ಕನನ್ನೇ ತಂಗಿಯೆಂದು ಕರೆಯುತ್ತಿತ್ತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೀನ್ ಮತ್ತು ಗ್ರಿಫ್ ರಾಸ್ ‘ಬೀಟಾ’ ತುಂಡನ್ನು ಮಾತ್ರ ಗುರುತಿಸುವ ಲ್ಯಾಬ್ ಪರೀಕ್ಷೆ ತಂದಿದ್ದರು, ಮನೆಕಿಟ್‌ಗೆ ಅದು ಇಳಿದದ್ದು ಆಮೇಲೆ. ಲ್ಯಾಬಿನ ರಸೀದಿಯಲ್ಲಿ ಇಂದಿಗೂ ‘ಬೀಟಾ ಎಚ್‌ಸಿಜಿ’ ಎಂದು ಬರೆಯುವುದು ಅದಕ್ಕೇ.

ಈಗ ಮೊಬೈಲಿನಲ್ಲಿ ಓಡಾಡುವ ಸಕ್ಕರೆ ಪರೀಕ್ಷೆ, ಉಪ್ಪಿನ ಪರೀಕ್ಷೆ, ಟೂತ್‌ಪೇಸ್ಟ್ ಪರೀಕ್ಷೆಗಳಿಗೆ ಈ ಹಾರ್ಮೋನಿನ ಗಂಧಗಾಳಿಯೂ ಇಲ್ಲ. ನೊರೆ ಬರುವುದಕ್ಕೂ ಬಸಿರಿಗೂ ನಂಟಿಲ್ಲ. ಪ್ರಾಚೀನ ಈಜಿಪ್ಟಿನವರು ಗೋಧಿ, ಬಾರ್ಲಿ ಕಾಳಿಗೆ ಮೂತ್ರ ಹಾಕಿ ಮೊಳಕೆ ನೋಡುತ್ತಿದ್ದರು, ಅದಾದರೂ ಮೇಲು.

ಎರಡು ಗೆರೆ ಬಂದೂ ಬಸಿರಿಲ್ಲದಿರಬಹುದೇ? ಅಪರೂಪಕ್ಕೆ. ಬಂಜೆತನದ ಚಿಕಿತ್ಸೆಯಲ್ಲಿ ಅಂಡಾಣು ಬಿಡುಗಡೆಗೆಂದು ಕೊಡುವ ಚುಚ್ಚುಮದ್ದು ಅನೇಕ ಸಲ ಎಚ್‌ಸಿಜಿಯೇ ಆಗಿರುತ್ತದೆ, ಅದು ದೇಹದಿಂದ ತೊಲಗಲು ಎರಡು ವಾರದವರೆಗೆ ಬೇಕಾಗಬಹುದು. ಗರ್ಭಪಾತವಾದ ಮೇಲೂ, ಹೆರಿಗೆಯಾದ ಮೇಲೂ ಕೆಲವು ವಾರ ಹಾರ್ಮೋನು ಉಳಿದಿರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯೇ ಒಂದಿಷ್ಟು ತಯಾರಿಸುವುದುಂಟು, ಕೆಲವು ಗಡ್ಡೆಗಳೂ ತಯಾರಿಸುತ್ತವೆ. ಜ್ವರದ ಮಾತ್ರೆ, ಆಂಟಿಬಯಾಟಿಕ್‌ಗಳಿಂದ ಸುಳ್ಳು ಗೆರೆ ಬರುವುದಿಲ್ಲ.

ಹೆಚ್ಚು ನೋವಿನ ವಿಷಯ ಇನ್ನೊಂದಿದೆ. ಗೆರೆಯೂ ನಿಜ, ಬಸಿರೂ ನಿಜ, ಆದರೆ ನಿಲ್ಲಲಿಲ್ಲ. ಅದೇ ನಾರ್ತ್ ಕೆರೊಲಿನಾದ ಮಹಿಳೆಯರನ್ನು ಕುರಿತು 1988ರಲ್ಲಿ ಬಂದ ವರದಿಯಲ್ಲಿ, ಹಾರ್ಮೋನು ಕಂಡ ಬಸಿರುಗಳಲ್ಲಿ ಶೇ 22ರಷ್ಟು ವೈದ್ಯರಿಗೆ ತಿಳಿಯುವ ಮೊದಲೇ ಮುಗಿದಿದ್ದವು. ತಡವಾಗಿ ಅಂಟಿದಷ್ಟೂ ಹೀಗಾಗುವ ಸಂಭವ ಹೆಚ್ಚು: ಒಂಬತ್ತನೇ ದಿನದೊಳಗೆ ಅಂಟಿದ ಬಸಿರುಗಳಲ್ಲಿ ಶೇ 13, ಹನ್ನೊಂದನೇ ದಿನ ಅಂಟಿದವುಗಳಲ್ಲಿ ಶೇ 52. ನಮ್ಮ ಅಜ್ಜಿಯಂದಿರಿಗೂ ಇದೆಲ್ಲ ಆಗಿರಬೇಕು, ಅವರು ಅದನ್ನು ‘ಈ ಸಲ ನಾಲ್ಕು ದಿನ ತಡವಾಯಿತು’ ಎಂದು ಕರೆದು ಸುಮ್ಮನಾಗಿದ್ದರು. ಮುಟ್ಟಿಗೆ ಮುಂಚೆಯೇ ಪರೀಕ್ಷಿಸುವವಳಿಗೆ ಅದೇ ನಾಲ್ಕು ದಿನ ಎರಡು ಗೆರೆಯಾಗಿ ಬಂದು, ಮನೆಮಂದಿಗೆಲ್ಲ ಸುದ್ದಿಯಾಗಿ, ಆಮೇಲೆ ರಕ್ತವಾಗಿ ಹರಿದುಹೋಗುತ್ತದೆ. ಇದು ಅವಳು ಮೆಟ್ಟಿಲು ಹತ್ತಿದ್ದರಿಂದಲೋ ಪಪ್ಪಾಯಿ ತಿಂದಿದ್ದರಿಂದಲೋ ಆದದ್ದಲ್ಲ, ಬಹುಪಾಲು ಭ್ರೂಣದ ವರ್ಣತಂತುಗಳ ಎಡವಟ್ಟು. ಬೇಗ ತಿಳಿಯುವುದು ಬೇಡ ಎಂದು ನಾನು ಹೇಳಲಾರೆ. ಔಷಧ ಸೇವಿಸುತ್ತಿರುವವರಿಗೆ, ಬಸಿರು ಬೇಡವಾದವರಿಗೆ ಒಂದೊಂದು ದಿನವೂ ಬೆಲೆಬಾಳುತ್ತದೆ. ಅಂಥ ಅವಸರ ಇಲ್ಲದವರು ಮುಟ್ಟು ತಪ್ಪಿ ಒಂದು ವಾರ ಕಾದರೆ ಒಂದೇ ಕಿಟ್‌ನಲ್ಲಿ ನಂಬಬಹುದಾದ ಉತ್ತರ ಸಿಗುತ್ತದೆ. ಕಾಯಲಾರದವರು ಮುಟ್ಟು ತಪ್ಪಿದ ದಿನ ಒಮ್ಮೆ, ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಲಿ. ಮೊದಲ ದಿನದ ಒಂದು ಗೆರೆಗೆ ‘ಇಲ್ಲ’ ಎಂದಲ್ಲ, ‘ಇನ್ನೂ ಗೊತ್ತಿಲ್ಲ’ ಎಂದು ಅರ್ಥ.

ಎರಡು ಗೆರೆ ಮೂಡಿದ ಮಾರನೇ ದಿನವೇ ಸ್ಕ್ಯಾನಿಂಗ್‌ಗೆ ಓಡುವವರಿದ್ದಾರೆ. ಆ ಹೊತ್ತಿಗೆ ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. ಗರ್ಭದ ಚೀಲ ಕಣ್ಣಿಗೆ ಬೀಳುವುದು ಕೊನೆಯ ಮುಟ್ಟಿನಿಂದ ಸುಮಾರು ಐದು ವಾರವಾದ ಮೇಲೆ. ‘ಏನೂ ಇಲ್ಲ’ ಎಂಬ ವರದಿ ಹಿಡಿದು ಅಳುವ ಬದಲು, ಸಂಶಯವಿದ್ದರೆ 48 ಗಂಟೆಗಳ ಅಂತರದಲ್ಲಿ ಎರಡು ಸಲ ರಕ್ತದ ಬೀಟಾ ಎಚ್‌ಸಿಜಿ ಮಾಡಿಸಿದರೆ ಏರಿಕೆ ಸರಿಯಿದೆಯೇ ಎಂದು ವೈದ್ಯರು ಹೇಳಬಲ್ಲರು. ರಕ್ತಪರೀಕ್ಷೆ 5 ಮಿಲಿ ಯೂನಿಟ್‌ನಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ತಡಮಾಡುವಂಥದ್ದಲ್ಲ. ಬಸಿರು ಎಲ್ಲಿ ಕುಳಿತಿದೆ ಎಂದು ಕಿಟ್‌ಗೆ ಗೊತ್ತಿಲ್ಲ. ಎರಡು ಗೆರೆಯ ಜೊತೆಗೆ ಕಿಬ್ಬೊಟ್ಟೆಯ ಒಂದು ಮಗ್ಗುಲಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಅಥವಾ ಭುಜದ ತುದಿಯಲ್ಲಿ ನೋವು ಇದ್ದರೆ ಅದು ನಾಳದಲ್ಲಿ ನಿಂತ ಬಸಿರಾಗಿರಬಹುದು. ಆಗ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ.

ಅಂಗಡಿಯಲ್ಲಿ ಕೇಳಲು ಮುಜುಗರವಾದರೆ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಅವರ ಮೂಲಕ ‘ನಿಶ್ಚಯ್’ ಎಂಬ ಹೆಸರಿನ ಕಿಟ್ ಕೊಡುವ ವ್ಯವಸ್ಥೆಯಿದೆ, ಕೆಲಸ ಮಾಡುವ ರೀತಿ ಅಂಗಡಿಯದರಂತೆಯೇ. ಎರಡು ಗೆರೆ ಬಂದರೆ ತಾಯಿ ಕಾರ್ಡ್ ಮಾಡಿಸುವುದೂ, ಫೋಲಿಕ್ ಆಸಿಡ್ ಮಾತ್ರೆ ಶುರುವಾಗುವುದೂ ಅವರಿಂದಲೇ. ಮುಟ್ಟು ತಪ್ಪಿ ಎರಡು ವಾರವಾದರೂ ಒಂದೇ ಗೆರೆ ಇದ್ದು, ಮುಟ್ಟೂ ಬಾರದಿದ್ದರೆ ಥೈರಾಯ್ಡ್, ಪಿಸಿಒಡಿ ಮುಂತಾದ ಬೇರೆ ಕಾರಣಗಳನ್ನು ವೈದ್ಯರು ಹುಡುಕುತ್ತಾರೆ. ಆದರೆ ಅಲ್ಲಿಗೆ ಹೋದಾಗಲೂ ಮೊದಲು ಕೈಗೆ ಸಿಗುವುದು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ‘ಇನ್ನೊಮ್ಮೆ ಮೂತ್ರ ಕೊಡಿ’ ಎಂಬ ಮಾತು.